ಒಂದೇ ಪೊಟ್ಟಣದ ಬೀಜ, ಬೇರೆ ಬೇರೆ ಹೂ

(ಕ್ಯಾಕ್ಟಸ್ ಬೆಳೆಸುವವರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತಿನ ಬರಹ ರೂಪ. ಮೇಜಿನ ಮೇಲೆ ಕುಂಡಗಳನ್ನಿಟ್ಟುಕೊಂಡು ತೋರಿಸುತ್ತ ಆಡಿದ ಮಾತಾದ್ದರಿಂದ ಅಲ್ಲಲ್ಲಿ ‘ಇದು’, ‘ಅದು’ ಉಳಿದುಕೊಂಡಿವೆ. ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಎರಡು ಕುಂಡ ನೋಡಿಬಿಡಿ. ಎರಡರಲ್ಲೂ ಇರುವುದು ಲಿಂಬೆಹಣ್ಣಿನ ಗಾತ್ರದ ಗಿಡ. ಮುಳ್ಳಿನ ಜೋಡಣೆ ಒಂದೇ ಥರ, ಮೈಬಣ್ಣ ಒಂದೇ ಥರ. ಚೀಟಿಯ ಮೇಲಿನ ಹೆಸರೂ ಒಂದೇ: ಸಲ್ಕೊರೆಬೂಷಿಯಾ ಸ್ಟೈನ್‌ಬಾಖಿ. ಒಂದರಲ್ಲಿ ಕಡು ಮೆಜೆಂಟಾ ಹೂ ಬಿಟ್ಟಿದೆ. ಇನ್ನೊಂದರಲ್ಲಿ ಎಸಳಿನ ತುದಿ ಕೆಂಪು, ಬುಡ ಹಳದಿ. ನೋಡಿದವರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ, ‘ಇವೆರಡರಲ್ಲಿ ಅಸಲಿ ಯಾವುದು?’

ಒಂದು ಕಾಲದಲ್ಲಿ ನಾನೂ ಅದನ್ನೇ ಕೇಳಿದ್ದೆ. ಬರೀ ಕೇಳಿ ಸುಮ್ಮನಾಗಿದ್ದರೆ ಚೆನ್ನಾಗಿತ್ತು. ತಪ್ಪು ಉತ್ತರವನ್ನೂ ನಾನೇ ಕೊಟ್ಟುಕೊಂಡು ಒಂದು ಗಿಡ ಕಳಕೊಂಡೆ. ಆ ಕತೆಗೆ ಆಮೇಲೆ ಬರುತ್ತೇನೆ.

ಕನ್ನಡದಲ್ಲಿ ‘ಕಳ್ಳಿ’ ಎಂಬ ಪದದ ಹೊಟ್ಟೆ ದೊಡ್ಡದು. ಹಾಲು ಸುರಿಸುವ ಯುಫೋರ್ಬಿಯಾಗಳನ್ನೂ ಅದು ಒಳಗೆ ಹಾಕಿಕೊಂಡಿದೆ. ಹಾಗಾಗಿ ಇವತ್ತು ಕ್ಯಾಕ್ಟಸ್ ಎಂದೇ ಹೇಳುತ್ತೇನೆ. ಕ್ಯಾಕ್ಟೇಸಿ ಕುಟುಂಬದಲ್ಲಿ ಸುಮಾರು 1,500 ಜಾತಿಗಳಿವೆ. ತವರು ಅಮೆರಿಕ ಖಂಡಗಳು. ರಿಪ್ಸಾಲಿಸ್ ಬ್ಯಾಕ್ಸಿಫೆರಾ ಒಂದು ಮಾತ್ರ ಅಲ್ಲಿಂದಾಚೆ ಆಫ್ರಿಕ, ಮಡಗಾಸ್ಕರ್, ಶ್ರೀಲಂಕಾದ ತನಕ ಹಬ್ಬಿದೆ. ಇಷ್ಟರಲ್ಲಿ ಮರದೆತ್ತರ ಬೆಳೆಯುವವನ್ನೆಲ್ಲ ಬದಿಗಿಟ್ಟು, ಮುಷ್ಟಿಯೊಳಗೆ ಹಿಡಿಯುವಂಥವನ್ನು ಮಾತ್ರ ಇಲ್ಲಿ ತಂದಿದ್ದೇನೆ. ರೆಬೂಷಿಯಾ, ಸಲ್ಕೊರೆಬೂಷಿಯಾ, ಲೋಬಿವಿಯಾ, ಜಿಮ್ನೊಕ್ಯಾಲಿಸಿಯಂ, ಮ್ಯಾಮಿಲೇರಿಯಾ, ನೋಟೊಕ್ಯಾಕ್ಟಸ್. ನೋಟೊಕ್ಯಾಕ್ಟಸ್‌ಗೆ ಈಗ ಪರೋಡಿಯಾ ಎನ್ನಬೇಕಂತೆ. ನನ್ನ ನಾಲಿಗೆ ಇನ್ನೂ ಒಪ್ಪಿಲ್ಲ.

ಒಂದು ಹೂವನ್ನು ಬಲಿ ಕೊಡದೆ ಈ ವಿಷಯ ಮಾತಾಡಲು ನನಗೆ ಬರುವುದಿಲ್ಲ. ಇದು ಜಿಮ್ನೊಕ್ಯಾಲಿಸಿಯಂ ಬಾಲ್ಡಿಯಾನಂ, ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದ್ದು. ಬ್ಲೇಡಿನಿಂದ ಹೂವನ್ನು ಉದ್ದುದ್ದ ಸೀಳುತ್ತಿದ್ದೇನೆ. ಮುಂದಿನ ಸಾಲಿನವರು ನೋಡಿ ಹಿಂದಕ್ಕೆ ದಾಟಿಸಿ.

ಗಮನಿಸಿ, ಇಲ್ಲಿ ಪುಷ್ಪಪತ್ರ ಯಾವುದು, ದಳ ಯಾವುದು ಎಂದು ಗೆರೆ ಎಳೆಯಲು ಆಗುವುದಿಲ್ಲ. ಕೆಳಗೆ ಹಸಿರು ಹುರುಪೆ, ಅದರ ಮೇಲೆ ಸ್ವಲ್ಪ ಉದ್ದದ ಹುರುಪೆ, ಅದರ ಮೇಲೆ ಅಂಚಿಗೆ ಕೆಂಪು ತಾಗಿದ್ದು, ಹೀಗೆ ಏರುತ್ತ ಏರುತ್ತ ಎಸಳೇ ಆಗಿಬಿಡುತ್ತದೆ. ಅಂಡಾಶಯ ಕೆಳಗೆ ಹುದುಗಿದೆ. ಅದರ ಸುತ್ತಲಿನ ಹಸಿರು ಗೋಡೆ ಹೂವಿನದು ಅನ್ನಿಸುತ್ತದೆ, ಆದರೆ ಅದು ಕಾಂಡದ್ದು. ಕ್ಯಾಕ್ಟಸ್ ತನ್ನ ಹೂವಿನ ಬುಡವನ್ನು ಕಾಂಡದಿಂದಲೇ ಹೊದಿಸಿರುತ್ತದೆ. ಅದಕ್ಕೇ ಕೆಲವು ಕ್ಯಾಕ್ಟಸ್‌ಗಳ ಹೂವಿನ ಕೊಳವೆಯ ಮೇಲೂ ಮುಳ್ಳು, ಉಣ್ಣೆ, ಬಿರುಗೂದಲು ಇರುವುದು. ಲೋಬಿವಿಯಾದ ಕೊಳವೆ ಮುಟ್ಟಿ ನೋಡಿ, ಬೆಕ್ಕಿನ ಕಿವಿಯ ಹಾಗೆ ರೋಮ. ಈ ಜಿಮ್ನೊಕ್ಯಾಲಿಸಿಯಂದು ನುಣ್ಣಗೆ. ಹೆಸರಿನ ಅರ್ಥವೂ ಅದೇ, ಗ್ರೀಕಿನಲ್ಲಿ ‘ಬೆತ್ತಲೆ ಪುಷ್ಪಪಾತ್ರೆ’.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಹೂವಿನಲ್ಲಿ ವ್ಯತ್ಯಾಸ ಎಂದಾಗ ಯಾವುದು ಬದಲಾಗುತ್ತದೆ, ಯಾವುದು ಬದಲಾಗುವುದಿಲ್ಲ ಎಂಬುದು ಮೊದಲು ಕಣ್ಣಿಗೆ ಬೀಳಬೇಕು. ಬಾಲ್ಡಿಯಾನಂ ಹೂ ಸಾಮಾನ್ಯವಾಗಿ ದ್ರಾಕ್ಷಾರಸದ ಕೆಂಪು. ತಿಳಿಗುಲಾಬಿಯದೂ ಇದೆ, ಅಪರೂಪಕ್ಕೆ ಬಿಳಿಯದೂ ಇದೆ. ಆದರೆ ಕೊಳವೆಯಲ್ಲಿ ರೋಮ ಇರುವ ಬಾಲ್ಡಿಯಾನಂ ಇಲ್ಲ. ಹಾಗೆಯೇ ಹೂ ಎಲ್ಲಿಂದ ಹುಟ್ಟುತ್ತದೆ ಎಂಬುದೂ ಗಟ್ಟಿ ಲಕ್ಷಣ. ರೆಬೂಷಿಯಾದಲ್ಲಿ ಪಕ್ಕೆಯಿಂದ, ಬುಡದ ಹತ್ತಿರದ ಹಳೆಯ ಏರಿಯೋಲ್‌ಗಳಿಂದ. ಮ್ಯಾಮಿಲೇರಿಯಾದಲ್ಲಿ ಮೊಲೆಗಂಟುಗಳ ಸಂದಿಯಿಂದ, ನೆತ್ತಿಯ ಸುತ್ತ ಬಳೆ ತೊಡಿಸಿದ ಹಾಗೆ. ನೋಟೊಕ್ಯಾಕ್ಟಸ್‌ನಲ್ಲಿ ನೆತ್ತಿಯ ಮೇಲೇ. ಏರಿಯೋಲ್ ಅಂದರೆ ಮುಳ್ಳುಗಳು ಗುಂಪಾಗಿ ಹೊರಡುವ ಆ ಪುಟ್ಟ ಮೆತ್ತೆ. ಅದಿಲ್ಲದೆ ಕ್ಯಾಕ್ಟಸ್ ಇಲ್ಲ. ಒಳಗಿನ ಕಟ್ಟಡವೂ ಅಷ್ಟೇ. ಐಲೋಸ್ಟೆರಾ ಎಂದು ಕರೆಯುವ ರೆಬೂಷಿಯಾಗಳ ಹೂ ಸೀಳಿದರೆ ಶಲಾಕೆಯ, ಅಂದರೆ ಅಂಡಾಶಯದಿಂದ ಮೇಲೇಳುವ ಕಡ್ಡಿಯ, ಬುಡ ಕೊಳವೆಗೆ ಅಂಟಿಕೊಂಡಿರುತ್ತದೆ. ನಿಜವಾದ ರೆಬೂಷಿಯಾ ಮಿನಸ್ಕುಲಾದಲ್ಲಿ ಬಿಡಿಯಾಗಿ ನಿಂತಿರುತ್ತದೆ. ಹೊರಗಿನಿಂದ ಎರಡೂ ಅವಳಿ ಮಕ್ಕಳ ಹಾಗೆ.

ಕಟ್ಟಡ ಗಟ್ಟಿ, ಸುಣ್ಣಬಣ್ಣ ಸಡಿಲ. ಇನ್ನು ಆ ಬಣ್ಣಕ್ಕೆ ಬರೋಣ. ಇವತ್ತು ನನಗೆ ಹೆಚ್ಚು ಹೊತ್ತು ಬೇಕಾಗಿರುವುದು ಅದಕ್ಕೇ.

ಇಲ್ಲಿ ಎರಡು ಗಾಜಿನ ಲೋಟ ಇವೆ. ಒಂದರಲ್ಲಿ ಶಂಖಪುಷ್ಪ ನೆನೆಸಿದ ನೀರು, ನೀಲಿ. ಇನ್ನೊಂದರಲ್ಲಿ ನಿನ್ನೆ ಬಾಡಿದ ರೆಬೂಷಿಯಾ ಹೂಗಳನ್ನು ಕಿವುಚಿದ ನೀರು, ಮೆಜೆಂಟಾ. ಎರಡಕ್ಕೂ ನಾಲ್ಕು ನಾಲ್ಕು ಹನಿ ಲಿಂಬೆರಸ ಹಾಕುತ್ತೇನೆ. ಶಂಖಪುಷ್ಪದ ನೀರು ನೋಡಿ, ನೇರಳೆಗೆ ತಿರುಗಿ ಗುಲಾಬಿಯಾಯಿತು. ಕ್ಯಾಕ್ಟಸ್ ನೀರು ಕದಲಲಿಲ್ಲ. ಶಂಖಪುಷ್ಪ, ದಾಸವಾಳ ಮುಂತಾದ ಬಹುಪಾಲು ಹೂಗಳ ನೀಲಿ, ನೇರಳೆ, ಕೆಂಪಿಗೆ ಕಾರಣ ಆಂಥೋಸಯಾನಿನ್. ಹುಳಿ ಕ್ಷಾರಕ್ಕೆ ತಕ್ಕಂತೆ ಅದು ಬಣ್ಣ ಬದಲಿಸುತ್ತದೆ. ಕ್ಯಾಕ್ಟಸ್‌ನಲ್ಲಿ ಆಂಥೋಸಯಾನಿನ್ ಇಲ್ಲವೇ ಇಲ್ಲ. ಅದರ ಜಾಗದಲ್ಲಿರುವುದು ಬೆಟಲೈನ್ ಎಂಬ ಬೇರೆಯೇ ವಂಶದ ವರ್ಣದ್ರವ್ಯ. ಬೀಟ್‌ರೂಟ್, ದಂಟು, ಬೋಗನ್‌ವಿಲ್ಲಾ, ಸಂಜೆ ಮಲ್ಲಿಗೆ ಎಲ್ಲ ಈ ಬಳಗದವು. ಬೀಟ್‌ರೂಟ್ ಕತ್ತರಿಸಿದಾಗ ಬೆರಳಿಗೆ ಹತ್ತುವ ಬಣ್ಣ ಮತ್ತು ಈ ರೆಬೂಷಿಯಾ ಹೂವಿನ ಬಣ್ಣ ಹತ್ತಿರದ ದಾಯಾದಿಗಳು.

ಬೆಟಲೈನ್‌ನಲ್ಲಿ ಎರಡು ಕವಲು. ಬೆಟಾಸಯಾನಿನ್ ಎಂಬುದು ಮೆಜೆಂಟಾ, ನೇರಳೆಗೆಂಪು. ಬೆಟಾಕ್ಸಾಂಥಿನ್ ಎಂಬುದು ಹಳದಿಯಿಂದ ಕಿತ್ತಳೆ. ಗಿಡ ಇವನ್ನು ಮಾಡುವ ದಾರಿ ಹೀಗೆ. ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಡೋಪಾ; ಡೋಪಾದಿಂದ ಬೆಟಲಾಮಿಕ್ ಆಮ್ಲ. ಈ ಬೆಟಲಾಮಿಕ್ ಆಮ್ಲ ಒಂದು ಅಮೈನೋ ಆಮ್ಲದ ಕೈ ಹಿಡಿದರೆ ಹಳದಿ, ಸೈಕ್ಲೋಡೋಪಾ ಎಂಬುದರ ಕೈ ಹಿಡಿದರೆ ಮೆಜೆಂಟಾ. ರಸಾಯನಶಾಸ್ತ್ರ ಇಷ್ಟೇ, ಹೆದರಬೇಡಿ.

ಈಗ ಇದನ್ನು ಕುಂಡಗಳ ಮುಂದೆ ನಿಂತು ಯೋಚಿಸಿ. ಸೈಕ್ಲೋಡೋಪಾ ಒದಗಿಸುವ ಕೆಲಸ ಕೆಟ್ಟಿತು ಅನ್ನಿ. ಮೆಜೆಂಟಾ ಹುಟ್ಟುವುದಿಲ್ಲ, ಹಳದಿ ಉಳಿಯುತ್ತದೆ. ಬೆಟಲಾಮಿಕ್ ಆಮ್ಲದ ಮಟ್ಟದಲ್ಲೇ ಕೆಟ್ಟರೆ ಎರಡೂ ಇಲ್ಲ, ಹೂ ಬಿಳಿ. ಎರಡೂ ಕವಲು ಸರಿಯಿದ್ದು ಎಸಳಿನಲ್ಲಿ ಬೆರೆತರೆ ಕಿತ್ತಳೆ, ಕೆಂಡಗೆಂಪು. ಬುಡದಲ್ಲಿ ಹಳದಿ ಮಾತ್ರ, ತುದಿಯಲ್ಲಿ ಎರಡೂ ಇದ್ದರೆ ನಮ್ಮ ಈ ಎರಡನೇ ಕುಂಡದ ಹೂ. ಕೆಂಪು ಬೀಟ್ ಹಳದಿ ಬೀಟ್ ಆಗುವುದು ಇಂಥದೇ ಒಂದು ಜೀನ್ ಕೆಟ್ಟಾಗ. ಅದು ಯಾವ ಜೀನ್ ಎಂಬುದು 2012ರಲ್ಲಿ ಪತ್ತೆಯಾಯಿತು. ಕ್ಯಾಕ್ಟಸ್ ನಡೆಯುವುದೂ ಅದೇ ದಾರಿಯಲ್ಲಿ. ಅಂದರೆ ಮೆಜೆಂಟಾಕ್ಕೂ ಹಳದಿಗೂ ನಡುವೆ ನಮ್ಮ ಕಣ್ಣಿಗೆ ಕಾಣುವ ದೂರ ಬಹಳ. ಗಿಡದ ಲೆಕ್ಕದಲ್ಲಿ ಒಂದು ಹೆಜ್ಜೆ ಇರಬಹುದು.

ಇದರಿಂದ ಒಂದು ತಮಾಷೆಯ ಸಾಧ್ಯತೆಯೂ ಹೊರಡುತ್ತದೆ. ಒಂದೇ ಜಾತಿಯ ಎರಡು ಬಿಳಿ ಹೂವಿನ ಗಿಡಗಳನ್ನು ಕೂಡಿಸಿದರೆ ಮಕ್ಕಳೆಲ್ಲ ಬಿಳಿಯಾಗಬೇಕು ಅನ್ನಿಸುತ್ತದಲ್ಲವೇ? ಎರಡರಲ್ಲೂ ಕೆಟ್ಟಿರುವ ಮೆಟ್ಟಿಲು ಒಂದೇ ಆಗಿದ್ದರೆ ಹೌದು. ಒಂದರಲ್ಲಿ ಒಂದು ಮೆಟ್ಟಿಲು, ಇನ್ನೊಂದರಲ್ಲಿ ಇನ್ನೊಂದು ಕೆಟ್ಟಿದ್ದರೆ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಿ ಬಣ್ಣದ ಮಕ್ಕಳು ಹುಟ್ಟಿಬಿಡಬಹುದು. ಅಂಥವರು ಕಂಡಾಗ ಜೇನ್ನೊಣದ ಮೇಲೆ ಅನುಮಾನ ಪಡುವ ಮೊದಲು ಈ ಲೆಕ್ಕವನ್ನೂ ಹಾಕಿ ನೋಡಿ.

ಇನ್ನು ನನ್ನ ತಪ್ಪಿನ ಕತೆ.

ಸಲ್ಕೊರೆಬೂಷಿಯಾ ಸ್ಟೈನ್‌ಬಾಖಿ ಬೊಲಿವಿಯಾದ ಕೊಚಬಂಬಾ ಸೀಮೆಯ ಬೆಟ್ಟದ ಗಿಡ. 1931ರಲ್ಲಿ ಸಸ್ಯವಿಜ್ಞಾನಿ ವೆರ್ಡರ್ಮನ್ ಇದಕ್ಕೆ ರೆಬೂಷಿಯಾ ಎಂದು ಹೆಸರಿಟ್ಟರು, 1951ರಲ್ಲಿ ಬಾಕೆಬೆರ್ಗ್ ಇದಕ್ಕಾಗಿಯೇ ಸಲ್ಕೊರೆಬೂಷಿಯಾ ಎಂಬ ಹೊಸ ಕುಲ ಕಟ್ಟಿದರು. ಏರಿಯೋಲ್‌ನ ಮೇಲೆ ನೇಗಿಲ ಗೆರೆಯಂಥ ಒಂದು ತೋಡು ಇರುತ್ತದೆ, ಅದಕ್ಕೆ ಆ ಹೆಸರು. ನಾನು ಒಂದು ಪೊಟ್ಟಣ ಬೀಜ ತರಿಸಿ ಬಿತ್ತಿದ್ದೆ. ಆರು ಗಿಡ ಉಳಿದವು. ನಾಲ್ಕನೇ ವರ್ಷ ಹೂವಿಗೆ ಬಂದವು. ನಾಲ್ಕು ಗಿಡ ಮೆಜೆಂಟಾ, ಒಂದು ಈ ಕೆಂಪು ಹಳದಿ, ಒಂದು ಪೂರ್ತಿ ಹಳದಿ. ನಿಂಬೆ ಹಳದಿಯಲ್ಲ, ಬೇಯಿಸಿದ ಮೊಟ್ಟೆಯ ಭಂಡಾರದ ಹಳದಿ. ನನ್ನ ಹತ್ತಿರ ಇದ್ದ ಚಿತ್ರಗಳಲ್ಲೆಲ್ಲ ಸ್ಟೈನ್‌ಬಾಖಿ ಮೆಜೆಂಟಾವೇ. ಬೀಜದವರು ಬೇರೇನೋ ಬೆರೆಸಿದ್ದಾರೆ ಎಂದು ಸಿಟ್ಟು ಬಂತು. ಹಳದಿಯ ಚೀಟಿ ಕಿತ್ತು ಬಿಸಾಕಿ, ಹೆಸರಿಲ್ಲದ ಗಿಡ ಎಂದು ಕೇಳಿದವರಿಗೆ ಕೊಟ್ಟುಬಿಟ್ಟೆ. ಕೆಂಪು ಹಳದಿ ಚೆಂದ ಇತ್ತು ಎಂಬ ಒಂದೇ ಕಾರಣಕ್ಕೆ ಉಳಿಯಿತು.

ಆಮೇಲೆ ತಿಳಿಯಿತು, ಸ್ಟೈನ್‌ಬಾಖಿಯ ಸ್ವಭಾವವೇ ಅದು ಎಂದು. ಒಂದೇ ಗುಡ್ಡದ ಮೇಲೆ ಮೆಜೆಂಟಾ, ಕೆಂಪು, ಹಳದಿ, ಎರಡು ಬಣ್ಣದ್ದು ಎಲ್ಲ ಒಟ್ಟಿಗೆ ಬೆಳೆಯುತ್ತವೆ. ಬೀಜದವರು ಸರಿಯಾಗಿಯೇ ಕಳಿಸಿದ್ದರು. ಆ ಪೊಟ್ಟಣದಲ್ಲಿ ನನ್ನ ಕೈಗೆ ಬಂದದ್ದು ಒಂದು ಗುಡ್ಡದ ತುಣುಕು. ನಾನು ಅದನ್ನು ಚಿತ್ರದ ಪ್ರತಿಗಳು ಎಂದುಕೊಂಡಿದ್ದೆ.

ನಮ್ಮ ಹವ್ಯಾಸದ ಮೂಲ ತೊಡಕು ಇಲ್ಲೇ ಇದೆ ಅನ್ನಿಸುತ್ತದೆ. ಜಾಗ ಕಡಿಮೆ, ಆಸೆ ಜಾಸ್ತಿ. ಜಾತಿಗೊಂದು ಕುಂಡ ಇಟ್ಟುಕೊಳ್ಳುತ್ತೇವೆ. ಆ ಒಂದು ಗಿಡದ ಹೂವೇ ಆ ಜಾತಿಯ ಹೂ ಎಂದು ಮನಸ್ಸಿನಲ್ಲಿ ಮುದ್ರೆ ಬೀಳುತ್ತದೆ. ಊರಿನಲ್ಲಿ ಒಬ್ಬನನ್ನು ನೋಡಿ ಊರವರೆಲ್ಲ ಹೀಗೇ ಇರುತ್ತಾರೆ ಅಂದಂತೆ. ನಲವತ್ತು ಜಾತಿ ಒಂದೊಂದು ಇಡುವುದಕ್ಕಿಂತ ಹತ್ತು ಜಾತಿ ನಾಲ್ಕು ನಾಲ್ಕು ಇಡುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಇಲ್ಲಿ ಹಲವರು ಒಪ್ಪುವುದಿಲ್ಲ ಎಂದು ಮುಖ ನೋಡಿದರೇ ಗೊತ್ತಾಗುತ್ತಿದೆ.

ಹೆಸರಿಡುವವರೂ ಈ ಬಲೆಗೆ ಬಿದ್ದಿದ್ದಾರೆ, ನಾವೊಬ್ಬರೇ ಅಲ್ಲ. ಕುರ್ಟ್ ಬಾಕೆಬೆರ್ಗ್ (1894–1966) ಜರ್ಮನಿಯವರು, ದಕ್ಷಿಣ ಅಮೆರಿಕ ಸುತ್ತಿದವರು, ಗಿಡ ಮಾರುತ್ತಲೂ ಇದ್ದವರು. ಹೂವಿನ ಬಣ್ಣ ಒಂದಿಷ್ಟು ಬೇರೆ ಕಂಡರೆ ಅವರ ಕೈ ಹೆಸರು ಬರೆಯದೆ ನಿಲ್ಲುತ್ತಿರಲಿಲ್ಲ. ರೆಬೂಷಿಯಾ ಸೆನಿಲಿಸ್ ಎಂದು ಒಂದು; ಅದರಲ್ಲಿ ನಸುನೇರಳೆ ಗುಲಾಬಿಗೆ ಲಿಲಸಿನೊರೋಸಿಯಾ (ಹಳದಿ ಹೂವಿನದಕ್ಕೆ ಕೆಸಲ್‌ರಿಂಜಿಯಾನಾ ಎಂದು ಇಟ್ಟವರು ಬೇರೆಯವರು). ವಯೋಲಾಸಿಫ್ಲೋರಾ ಇನ್ನೊಂದು. ಈಗ ಹಲವು ಸಸ್ಯವಿಜ್ಞಾನಿಗಳು ಇವನ್ನೆಲ್ಲ ಗುಡಿಸಿ ರೆಬೂಷಿಯಾ ಮಿನಸ್ಕುಲಾ ಎಂಬ ಒಂದೇ ಬುಟ್ಟಿಗೆ ಹಾಕುತ್ತಾರೆ. ವಿಜ್ಞಾನದ ದೃಷ್ಟಿಯಲ್ಲಿ ಸರಿಯೇ ಇರಬೇಕು. ಆದರೆ ಬುಟ್ಟಿಗೆ ಹಾಕಿದ ಮರುದಿನ ಹವ್ಯಾಸಿಗಳು ಹಳೆಯ ಚೀಟಿ ಕಿತ್ತು ‘ಮಿನಸ್ಕುಲಾ’ ಎಂದು ಬರೆದುಬಿಡುತ್ತಾರೆ. ಅದರೊಂದಿಗೆ ಹಳದಿಯ ವಂಶ ಯಾವುದು, ನೇರಳೆಯ ವಂಶ ಯಾವುದು ಎಂಬ ಮಾಹಿತಿಯೂ ಕಸದ ಬುಟ್ಟಿಗೆ. ಬಾಕೆಬೆರ್ಗ್‌ರನ್ನು ನೋಡಿ ನಗುವವರು ಬಹಳ. ನನಗೆ ಅವರ ಹೆಸರುಗಳು ಜಾತಿಯಾಗಿ ಬೇಡ, ಗುರುತಾಗಿ ಬೇಕು. ಹೊಸ ಹೆಸರು ಮೇಲೆ ಬರೆಯಿರಿ, ಹಳೆಯದನ್ನು ಕೆಳಗೆ ಉಳಿಸಿ.

ಹೂವಿನ ಆಕಾರ ನೋಡಿ ನೆಂಟಸ್ತನ ಹೇಳುವುದೂ ಅಪಾಯವೇ. ಎಖಿನಾಪ್ಸಿಸ್ ಎಂದರೆ ರಾತ್ರಿ ಅರಳುವ, ಉದ್ದ ಕೊಳವೆಯ, ಘಮಘಮಿಸುವ ಬಿಳಿ ಹೂ, ಪತಂಗಗಳಿಗಾಗಿ. ಲೋಬಿವಿಯಾ ಎಂದರೆ ಹಗಲಿನ ಗಿಡ್ಡ, ಬಣ್ಣದ ಹೂ ಎಂದು ಹಿಂದೆ ಸಲೀಸಾಗಿ ವಿಂಗಡಿಸುತ್ತಿದ್ದರು. ಲೋಬಿವಿಯಾ ಎಂಬುದು ‘ಬೊಲಿವಿಯಾ’ದ ಅಕ್ಷರ ತಿರುಗಿಸಿ ಮಾಡಿದ ಹೆಸರು, ಗೊತ್ತಿರಬಹುದು. 2012ರಲ್ಲಿ ಬಂದ ಡಿಎನ್‌ಎ ಅಧ್ಯಯನ ನೋಡಿದರೆ ಈ ಬಳಗದಲ್ಲಿ ರಾತ್ರಿ ಹೂ, ಹಗಲು ಹೂ ಎಂಬುದು ಒಂದೇ ಸಲ ಕವಲೊಡೆದದ್ದಲ್ಲ, ಬೇರೆ ಬೇರೆ ಕೊಂಬೆಗಳಲ್ಲಿ ಮತ್ತೆ ಮತ್ತೆ ಹುಟ್ಟಿಕೊಂಡದ್ದು. ರೆಬೂಷಿಯಾದ್ದೂ ಅದೇ ಹಣೆಬರಹ. 2007ರ ಅಧ್ಯಯನದಲ್ಲಿ ನಾವು ರೆಬೂಷಿಯಾ ಎನ್ನುತ್ತಿದ್ದದ್ದು ಒಂದೇ ಮನೆತನವಲ್ಲ ಎಂದು ಹೊರಬಿತ್ತು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ಕ್ಯಾಕ್ಟಸ್ ಹೂವಿಗೆ ಸರಿಯಾಗಿ ಒಪ್ಪುತ್ತದೆ.

ಪ್ರಮಾಣಿಸಿ ನೋಡುವುದು ಹೇಗೆ? ನಮ್ಮ ಹತ್ತಿರ ಪ್ರಯೋಗಾಲಯ ಇಲ್ಲ. ಆದರೆ ಮರಿ ಇದೆ, ಬೀಜ ಇದೆ.

‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎನ್ನುತ್ತೇವಲ್ಲ, ಅದು ಮರಿಗೆ ಅಕ್ಷರಶಃ ನಿಜ. ಬುಡದಲ್ಲಿ ಒಡೆಯುವ ಮರಿ ತಾಯಿಯದೇ ತುಂಡು. ಬೀಜದ ಸಸಿ ಹಾಗಲ್ಲ. ಅದರಲ್ಲೂ ಹೆಚ್ಚಿನ ಕ್ಯಾಕ್ಟಸ್‌ಗಳು ತಮ್ಮದೇ ಪರಾಗಕ್ಕೆ ಬೀಜ ಕಟ್ಟುವುದಿಲ್ಲ, ಇನ್ನೊಂದು ಗಿಡದ ಪರಾಗ ಬೇಕೇ ಬೇಕು. ಸಲ್ಕೊರೆಬೂಷಿಯಾ ಅಂಥದ್ದು. ಹಾಗಾಗಿ ಪ್ರತಿ ಪೀಳಿಗೆಯಲ್ಲೂ ಎಲೆ ಕಲೆಸಿ ಹಂಚಿದ ಹಾಗೆ. ರೆಬೂಷಿಯಾ ಮಿನಸ್ಕುಲಾ ಮಾತ್ರ ತನ್ನ ಪರಾಗದಿಂದಲೇ ಧಾರಾಳವಾಗಿ ಬೀಜ ಕಟ್ಟುತ್ತದೆ, ಸಸಿಗಳು ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತವೆ. ಈ ವಿಷಯದಲ್ಲಿ ಎಲ್ಲರನ್ನೂ ಮೀರಿಸಿದ್ದು ಫ್ರೈಲಿಯಾ. ಗೋಲಿಯಷ್ಟಿರುವ ಅದು ಮೊಗ್ಗು ಬಿಡುತ್ತದೆ, ಮೊಗ್ಗು ಅರಳುವುದೇ ಇಲ್ಲ, ಒಂದು ದಿನ ನೋಡಿದರೆ ಅದರಲ್ಲಿ ಬೀಜ ತುಂಬಿರುತ್ತದೆ! ಸುಡುಬಿಸಿಲು ಬಿದ್ದರೆ ಒಮ್ಮೊಮ್ಮೆ ಹಳದಿ ಹೂ ಬಿಚ್ಚುತ್ತದೆ. ನಾನು ಎಂಟು ವರ್ಷದಲ್ಲಿ ನೋಡಿದ್ದು ಮೂರು ಸಲ.

ಅಂದಮೇಲೆ, ಒಂದೇ ತಾಯಿಯ ಎರಡು ಮರಿಗಳಲ್ಲಿ ಹೂ ಬೇರೆ ಕಂಡರೆ ಅದು ಬಿಸಿಲು, ನೀರು, ಗೊಬ್ಬರ, ಹವೆಯ ಕೆಲಸ. ಒಂದೇ ಜಾಗದಲ್ಲಿ ಪಕ್ಕಪಕ್ಕ ಬೆಳೆದ ಎರಡು ಸಸಿಗಳಲ್ಲಿ ಬೇರೆ ಕಂಡರೆ ಅದು ರಕ್ತದ್ದು. ಸರಳವಾದ ಪರೀಕ್ಷೆ, ಮಾಡುವವರು ಕಡಿಮೆ.

ನಾನು ಒಂದು ಮೆಜೆಂಟಾ ರೆಬೂಷಿಯಾದ ಎರಡು ಮರಿಗಳನ್ನು ಒಂದೇ ಮಣ್ಣಿನಲ್ಲಿ ಕೂರಿಸಿ, ಒಂದನ್ನು ಪೂರ್ತಿ ಬಿಸಿಲಿಗೆ, ಇನ್ನೊಂದನ್ನು ನೆರಳುಬಲೆಯ ಕೆಳಗೆ ಇಟ್ಟೆ. ಬಿಸಿಲಿನದು ಮೊದಲ ದಿನ ಗಾಢವಾಗಿತ್ತು, ಮೂರನೇ ದಿನಕ್ಕೆ ಒಗೆದ ಬಟ್ಟೆಯಂತಾಯಿತು. ನೆರಳಿನದು ತುಸು ತಿಳಿ, ಆದರೆ ಐದು ದಿನ ಅಲ್ಲಾಡಲಿಲ್ಲ. ಎಸಳೂ ನೆರಳಿನದರಲ್ಲಿ ಉದ್ದ, ಬಿಸಿಲಿನದರಲ್ಲಿ ಗಿಡ್ಡ. ಬೆಟಲೈನ್‌ಗೆ ಶಾಖವೂ ಬೆಳಕೂ ಶತ್ರು, ಹಾಗಾಗಿ ಇದರಲ್ಲಿ ಅಚ್ಚರಿ ಇಲ್ಲ. ನನಗೆ ಅಚ್ಚರಿಯಾದದ್ದು ಬೇರೆ. ಎರಡು ಚಿತ್ರವನ್ನು ಪಕ್ಕಪಕ್ಕ ಇಟ್ಟು ಒಬ್ಬ ಅನುಭವಿ ಬೆಳೆಗಾರರಿಗೆ ತೋರಿಸಿದರೆ ಅವರು ಎರಡು ಬೇರೆ ಹೆಸರು ಹೇಳಿದರು. ಒಂದೇ ಗಿಡ ಸ್ವಾಮಿ ಅಂದೆ. ನಂಬಲಿಲ್ಲ.

ಇನ್ನು ಹೂ ಬಿಡುವುದೇ ಇಲ್ಲ ಎಂಬ ದೂರಿಗೆ ಎರಡೇ ಮಾತು. ಈ ಬೆಟ್ಟದ ಗಿಡಗಳಿಗೆ ತಂಪಿನ ಕಾಲದಲ್ಲಿ ಒಣ ವಿಶ್ರಾಂತಿ ಬೇಕು. 5ರಿಂದ 10 ಡಿಗ್ರಿ ಸಿಕ್ಕರೆ ಹಬ್ಬ. ಮೊಗ್ಗು ಇನ್ನೂ ಸಾಸಿವೆಯಷ್ಟಿರುವಾಗ ಆತುರಕ್ಕೆ ನೀರು ಸುರಿದರೆ ಲೋಬಿವಿಯಾದಲ್ಲಿ ಅದು ಮನಸ್ಸು ಬದಲಿಸಿ ಮರಿಯಾಗಿಬಿಡುವುದುಂಟು. ಮೊಗ್ಗು ಎಂದು ಕಾದು ಕಾದು ಕೊನೆಗೆ ಮುಳ್ಳು ಬಂದಾಗ ಆಗುವ ನಿರಾಸೆ ಅನುಭವಿಸಿದವರಿಗೇ ಗೊತ್ತು.

ಮಿಶ್ರತಳಿಯ ಮಾತು ಎತ್ತದಿದ್ದರೆ ಆಗುವುದಿಲ್ಲ. ಬೊಲಿವಿಯಾದಲ್ಲಿ ಎರಡು ಕಣಿವೆ ಆಚೆ ಇರಬೇಕಾದ ಗಿಡಗಳನ್ನು ನಾವು ಒಂದೇ ಹಲಗೆಯ ಮೇಲೆ ನಾಲ್ಕು ಬೆರಳು ಅಂತರದಲ್ಲಿ ಇಟ್ಟಿರುತ್ತೇವೆ. ಜೇನ್ನೊಣ ಚೀಟಿ ಓದುವುದಿಲ್ಲ. ಹಾಗೆ ತಾನಾಗಿ ಕಟ್ಟಿದ ಬೀಜವನ್ನು ಚೀಟಿಯ ಹೆಸರಿನಲ್ಲಿ ಹಂಚುವುದು ನಮ್ಮಲ್ಲಿ ಬಹಳ ನಡೆಯುತ್ತದೆ, ನಾನೂ ಮಾಡಿದ್ದೇನೆ. ಮೊದಲ ಪೀಳಿಗೆ ನೋಡಲು ಚೆಂದ. ಲೋಬಿವಿಯಾ ಜಾಜೋಯಾನಾದ ಗಂಟಲಲ್ಲಿ ಕಪ್ಪುನೇರಳೆ ಉಂಗುರ ಇರುತ್ತದೆ, ಕಾಡಿಗೆ ತೀಡಿದ ಹಾಗೆ. ಅದರ ಪಕ್ಕ ಉಂಗುರವಿಲ್ಲದ ಲೋಬಿವಿಯಾ ಇಟ್ಟು ಬೀಜ ಹಿಡಿದರೆ, ಸಸಿಗಳಲ್ಲಿ ಕಾಡಿಗೆ ಅಳಿಸಿದ ಹಾಗೆ ಒಂದು ಮಬ್ಬು ಕಲೆ ಬರುತ್ತದೆ. ಅದನ್ನು ಕಂಡು ‘ಜಾಜೋಯಾನಾದ ಹೊಸ ರೂಪ’ ಎಂದು ಹಿಗ್ಗಿದವರಿದ್ದಾರೆ. ಮಿಶ್ರತಳಿ ಪಾಪವಲ್ಲ, ಮಿಶ್ರ ಎಂದು ಬರೆಯದಿರುವುದು ಪಾಪ.

ಶುದ್ಧವಾಗಿ ಬೀಜ ಬೇಕಿದ್ದರೆ ಮೊಗ್ಗು ಬಿಚ್ಚುವ ಮೊದಲೇ ಗಿಡವನ್ನು ಸೊಳ್ಳೆಪರದೆಯ ತುಂಡಿನಿಂದ ಮುಚ್ಚಿ. ಬೇರೆ ಬೇರೆ ಬೀಜದಿಂದ ಬಂದ, ಒಂದೇ ಮೂಲದ ಎರಡು ಗಿಡಗಳು ಬೇಕು. ಒಂದೇ ತಾಯಿಯ ಎರಡು ಮರಿ ಇಟ್ಟುಕೊಂಡು ಕುಂಚ ಆಡಿಸಿದರೆ ಏನೂ ಆಗದು, ಅದು ತನಗೆ ತಾನೇ ಹಸ್ತಲಾಘವ ಕೊಟ್ಟ ಹಾಗೆ. ನೋಟೊಕ್ಯಾಕ್ಟಸ್ ಒಟ್ಟೋನಿಸ್ ಸಿಕ್ಕಿದರೆ ಒಂದು ಆಟ ನೋಡಿ. ಹಳದಿ ಹೂವಿನ ನಡುವೆ ಶಲಾಕಾಗ್ರ, ಅಂದರೆ ಪರಾಗ ಹಿಡಿಯುವ ತುದಿ, ಮಾತ್ರ ಕಡುಗೆಂಪು. ಕುಂಚ ತಾಗಿದೊಡನೆ ಕೇಸರಗಳೆಲ್ಲ ನಿಧಾನವಾಗಿ ಒಳಕ್ಕೆ ಬಾಗಿ ಆ ಕೆಂಪನ್ನು ಸುತ್ತುವರಿಯುತ್ತವೆ. ನನ್ನ ಮೊಮ್ಮಗಳಿಗೆ ಕ್ಯಾಕ್ಟಸ್ ಹುಚ್ಚು ಹಿಡಿದದ್ದು ಇದನ್ನು ನೋಡಿಯೇ.

ಮೂಲ ಅಂದೆನಲ್ಲ, ಅದಕ್ಕೆ ಸಂಗ್ರಹ ಸಂಖ್ಯೆ ಬೇಕು. ಕಾಡಿನಲ್ಲಿ ಗಿಡ ಅಥವಾ ಬೀಜ ಹಿಡಿದವರು ತಮ್ಮ ಹೆಸರಿನ ಅಕ್ಷರದೊಂದಿಗೆ ಒಂದು ಸಂಖ್ಯೆ ಕೊಟ್ಟಿರುತ್ತಾರೆ. ಎಫ್‌ಆರ್ ಎಂದರೆ ಫ್ರೀಡ್ರಿಕ್ ರಿಟ್ಟರ್, ಡಬ್ಲ್ಯೂಆರ್ ಎಂದರೆ ವಾಲ್ಟರ್ ರೌಶ್. ಆ ಸಂಖ್ಯೆ ಹಿಡಿದು ಹೋದರೆ ಯಾವ ಬೆಟ್ಟ, ಎಷ್ಟು ಎತ್ತರ ಎಂಬುದು ಸಿಗುತ್ತದೆ. ಹೆಸರು ಹತ್ತು ಸಲ ಬದಲಾಗಲಿ, ಸಂಖ್ಯೆ ಬದಲಾಗುವುದಿಲ್ಲ. ಕ್ಯಾಕ್ಟಸ್ ಕುಟುಂಬ ಹೆಚ್ಚುಕಡಿಮೆ ಇಡಿಯಾಗಿ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟೀಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ, ಕೆಲವು ಮೊದಲನೆಯದರಲ್ಲಿವೆ. ಕಾಡಿನಿಂದ ಹೊಸದಾಗಿ ತರುವ ಕಾಲ ಮುಗಿಯಿತು, ಮುಗಿಯಬೇಕಾದದ್ದೇ. ಇರುವ ಸಂಖ್ಯೆಗಳನ್ನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ ಎಂದೇ ಇಷ್ಟು ಒತ್ತಿ ಹೇಳುತ್ತಿರುವುದು. ಪೆನ್ಸಿಲ್‌ನಲ್ಲಿ ಬರೆಯಿರಿ. ‘ಪರ್ಮನೆಂಟ್’ ಎಂದು ಮಾರುವ ಪೆನ್ನುಗಳ ಶಾಶ್ವತತೆ ಬಿಸಿಲಿನಲ್ಲಿ ಎರಡು ವರ್ಷ.

ಚಿತ್ರ ತೆಗೆಯುವವರಿಗೂ ಒಂದು ಮಾತು. ಫೋನಿನ ಕ್ಯಾಮೆರಾಗಳು ಮೆಜೆಂಟಾ ಕಂಡರೆ ತಡಬಡಾಯಿಸುತ್ತವೆ; ಒಂದು ಗುಲಾಬಿ ಮಾಡುತ್ತದೆ, ಇನ್ನೊಂದು ನೀಲಿಗೆ ಎಳೆಯುತ್ತದೆ. ನೆರಳಿನಲ್ಲಿ, ಹೂವಿನ ಪಕ್ಕ ಒಂದು ಬಿಳಿ ಹಾಳೆಯ ಚೂರು ಇಟ್ಟು, ಅರಳಿದ ಮೊದಲ ದಿನವೇ ತೆಗೆಯಿರಿ. ಒಂದು ಚಿತ್ರ ಎದುರಿನಿಂದ, ಒಂದು ಪಕ್ಕದಿಂದ; ಕೊಳವೆ ಕಾಣಬೇಕು. ಎದುರಿನಿಂದ ತೆಗೆದ ಚೆಲುವಿನ ಚಿತ್ರ ಸಾವಿರ ಇವೆ, ಗುರುತಿಸಲು ಅವು ಉಪಯೋಗಕ್ಕೆ ಬರುವುದಿಲ್ಲ.

ನನ್ನ ಮಾತು ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

*

ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಮಾತ್ರ ಇಲ್ಲಿ ಬರೆದುಕೊಂಡಿದ್ದೇನೆ.

ಒಬ್ಬರು ನೀಲಿ ಹೂವಿನ ಮ್ಯಾಮಿಲೇರಿಯಾ ಕೊಂಡಿದ್ದಾಗಿ ಹೇಳಿ ಫೋನಿನಲ್ಲಿ ತೋರಿಸಿದರು. ಬೆಟಲೈನ್‌ನಲ್ಲಿ ನಿಜವಾದ ನೀಲಿ ಇಲ್ಲ. ಹತ್ತಿರದಿಂದ ನೋಡಿದರೆ ಎಸಳು ಕಾಗದದ ಹಾಗೆ ಗರಿಗರಿ, ಬುಡದಲ್ಲಿ ಬಿಸಿ ಅಂಟಿನ ಹನಿ. ಒಣಹೂವಿಗೆ ಬಣ್ಣ ಹಚ್ಚಿ ನೆತ್ತಿಗೆ ಅಂಟಿಸಿದ್ದು. ಮೂರು ತಿಂಗಳಾದರೂ ಬಾಡಿಲ್ಲ ಎಂದು ಅವರಿಗೆ ಖುಷಿಯಾಗಿತ್ತಂತೆ. ಅಂಟನ್ನು ಒಮ್ಮೆಲೇ ಕಿತ್ತರೆ ನೆತ್ತಿಯ ಬೆಳೆಯುವ ತುದಿ ಗಾಯವಾಗುತ್ತದೆ. ಮೊದಲು ಒಣಹೂವನ್ನು ಕತ್ತರಿಸಿ, ಉಳಿದದ್ದು ಗಿಡ ಬೆಳೆದ ಹಾಗೆ ಪಕ್ಕಕ್ಕೆ ಸರಿಯುತ್ತದೆ ಎಂದೆ.

ಇನ್ನೊಬ್ಬರು, ಮ್ಯಾಮಿಲೇರಿಯಾ ಡಯೋಯಿಕಾದ ತಮ್ಮ ಗಿಡದಲ್ಲಿ ಹೂ ಬರುತ್ತದೆ, ಪರಾಗವೇ ಇಲ್ಲ, ಏನಾದರೂ ರೋಗವೇ ಎಂದು ಕೇಳಿದರು. ರೋಗವಲ್ಲ. ಆ ಜಾತಿಯಲ್ಲಿ ಕೆಲವು ಗಿಡಗಳು ಹೆಣ್ಣು ಮಾತ್ರ, ಹೆಸರೇ ಅದನ್ನು ಹೇಳುತ್ತದೆ. ಹೂವಿನ ವ್ಯತ್ಯಾಸ ಎಂದರೆ ಬಣ್ಣ ಎಂದು ಒಂದು ಗಂಟೆ ಕೊರೆದ ನಾನು ಇದನ್ನು ಹೇಳಲು ಮರೆತಿದ್ದೆ.

ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, ‘ಆ ಹಳದಿ ಗಿಡ ಏನಾಯ್ತು ಸಾರ್?’ ಅಂದಳು.

ಕೊಟ್ಟವರ ಹತ್ತಿರ ಹೋಗಿ ಕೇಳಿದ್ದೆ. ತಾಯಿಗಿಡ ಒಂದು ಮಳೆಗಾಲದಲ್ಲಿ ಕೊಳೆತು ಹೋಗಿತ್ತು. ಅದಕ್ಕೆ ಮೊದಲು ಅವರು ಒಂದು ಮರಿ ಕಿತ್ತು ಬೇರೆಯವರಿಗೆ ಕೊಟ್ಟಿದ್ದರು. ಅಲ್ಲಿಂದ ಮೂರನೇ ಕೈ ದಾಟಿ ಎರಡು ವರ್ಷದ ಹಿಂದೆ ನನಗೆ ಒಂದು ಗಿಡ ಸಿಕ್ಕಿದೆ, ಅದರ ಮರಿಯ ಮರಿ ಅಂತ ನನಗೆ ತಂದುಕೊಟ್ಟವರು ಹೇಳುತ್ತಾರೆ. ಮೇಜಿನ ತುದಿಯಲ್ಲಿದ್ದ ಮೂರನೇ ಕುಂಡ ಅದೇ. ಚೀಟಿಯಲ್ಲಿ ಪೆನ್ಸಿಲ್‌ನಿಂದ ‘ಸ್ಟೈನ್‌ಬಾಖಿ, ಹಳದಿ, ಹಳೆಯ ಪೊಟ್ಟಣದ್ದೇ ಇರಬೇಕು’ ಎಂದು ಬರೆದಿಟ್ಟಿದ್ದೇನೆ. ಮೆಜೆಂಟಾ ಬಂದರೆ ಆ ಬರಹವನ್ನೇ ಹೊಡೆದು ಹಾಕಬೇಕಾಗುತ್ತದೆ. ಈ ವರ್ಷ ಮೊಗ್ಗು ಬಿಟ್ಟಿಲ್ಲ.